ಮಹಾದೇವಿಯ ಕಂಕುಳ ಗಂಟು

ಹೋದ ತಿಂಗಳು ಕನ್ನಡಕದ ಕಾಲು ಮುರಿದು, ಅದನ್ನು ಸರಿಮಾಡಿಸಲು ಪುಣೆಯ ಶಿವಾಜಿನಗರಕ್ಕೆ ಹೋಗಿದ್ದೆ. ಅಂಗಡಿಯಿಂದ ಹೊರಬೀಳುವಷ್ಟರಲ್ಲಿ ಮಳೆ ಹಿಡಿಯಿತು. ಛತ್ರಿ ಎಂದಿನಂತೆ ಮನೆಯಲ್ಲಿ ಕ್ಷೇಮವಾಗಿತ್ತು. ಓಡಿಹೋಗಿ ಪಕ್ಕದ ಓಣಿಯ ಒಂದು ಕಟ್ಟಡದ ಮೆಟ್ಟಿಲು ಹತ್ತಿ ನಿಂತೆ. ಒಳಗೆ ಹಲ್ಲಿನ ದವಾಖಾನೆ, ಅಲ್ಲಿಂದ ಸ್ಪಿರಿಟ್ಟಿನ ವಾಸನೆ. ಎದುರಿಗೆ ಯಾರೋ ಗೋಡೆ ಎಬ್ಬಿಸುತ್ತಿದ್ದರು, ಅಲ್ಲಿಂದ ಹಸಿ ಸಿಮೆಂಟಿನ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗಲೇ ಗೊತ್ತಾಯಿತು, ನಾನು ಎರಡು ವರ್ಷ ಕೆಲಸ ಮಾಡಿದ ಕಟ್ಟಡದ ಬಾಗಿಲಲ್ಲೇ ನಿಂತಿದ್ದೇನೆ ಎಂದು. ಬಣ್ಣ ಬದಲಾಗಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಮಹಾದೇವಿ ಇಲ್ಲಿಗೆ ಬರುತ್ತಿದ್ದದ್ದು ಸೀದಾ ಕಟ್ಟಡದ ಕೆಲಸದಿಂದ, ಸೀರೆಗೆ ಹಸಿ ಸಿಮೆಂಟು ಮೆತ್ತಿಕೊಂಡೇ. ನರ್ಸು ಅವಳ ತೋಳಿಗೆ ಸ್ಪಿರಿಟ್ಟಿನ ಹತ್ತಿ ಉಜ್ಜಿದಾಗ ಕೋಣೆಯಲ್ಲಿ ಏಳುತ್ತಿದ್ದದ್ದು ಇದೇ ವಾಸನೆ. ಮಳೆ ನಿಲ್ಲುವವರೆಗೆ ನಾನು ಅವಳನ್ನೇ ನೆನೆಯುತ್ತಾ ನಿಂತಿದ್ದೆ.

ಕೊರೊನಾದ ಹಾವಳಿ ತಣ್ಣಗಾಗುತ್ತಾ ಬಂದಿದ್ದ ವರ್ಷ ಅದು. ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಓಡಾಡುತ್ತಿದ್ದರು. ಮೆಟ್ರೋ ಕೆಲಸಕ್ಕೆಂದು ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು. ಮೃಗಶಿರಾ ಮಳೆ ಬಿದ್ದ ಮೇಲೆ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಬರುವುದೇ ಒಂದು ಸಾಹಸ. ಮೊದಲ ಮಹಡಿಯಲ್ಲಿ ನಮ್ಮ ಸಣ್ಣ ಲ್ಯಾಬು, ಅದರ ಪಕ್ಕಕ್ಕೆ ಸೂಜಿ ಚುಚ್ಚುವ ಕೋಣೆ. ಅಲ್ಲಿ ನಡೆದಿದ್ದ ಅಧ್ಯಯನ ಇಷ್ಟೇ: ಎಂಆರ್‌ಎನ್‌ಎ ಎಂಬ ಹೊಸ ಬಗೆಯ ಲಸಿಕೆಯನ್ನು ಸ್ವಲ್ಪ ದಿನಗಳ ಅಂತರದಲ್ಲಿ ಎರಡು ಸಲ ಕೊಡುವುದು, ಮುಂಚೆಯೂ ಆಮೇಲೂ ರಕ್ತ ತೆಗೆಯುವುದು, ಆ ರಕ್ತದಲ್ಲಿರುವ ರೋಗನಿರೋಧಕ ಕೋಶಗಳು ಏನು ಮಾಡುತ್ತಿವೆ ಎಂದು ನೋಡುವುದು.

ನೋಡುವ ಕೆಲಸ ನನ್ನದು. ಕೊಳವೆಯಲ್ಲಿ ಒಂದು ದ್ರವದ ಮೇಲೆ ರಕ್ತವನ್ನು ನಿಧಾನಕ್ಕೆ ಇಳಿಬಿಟ್ಟು ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೆಂಪು ತಳಕ್ಕೆ ಕೂರುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ನಡುವೆ ಮಂಜು ಕಟ್ಟಿದಂತೆ ತೆಳ್ಳನೆಯ ಬಿಳಿ ಪದರ. ನಮಗೆ ಬೇಕಾದವರೆಲ್ಲ ಇರುವುದು ಆ ಪದರದಲ್ಲಿ. ಅದನ್ನು ಹೀರಿ ತೆಗೆದು, ತೊಳೆದು, ಒಂದೊಂದು ಜಾತಿಯ ಕೋಶಕ್ಕೆ ಒಂದೊಂದು ಬಣ್ಣ ಹಚ್ಚಿ ಬೆಳಕಿನ ಯಂತ್ರಕ್ಕೆ ಬಿಟ್ಟರೆ ಪರದೆಯ ಮೇಲೆ ಚುಕ್ಕೆಗಳು ಬೀಳುತ್ತಾ ಹೋಗುತ್ತವೆ. ಒಂದು ಚುಕ್ಕೆಗೆ ಒಂದು ಕೋಶ. ಈ ಕೆಲಸದಲ್ಲಿ ನನ್ನ ಕೈ ಒಳ್ಳೆಯದಿತ್ತು, ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ನಮ್ಮ ಮುಖ್ಯಸ್ಥೆ, ಡಾಕ್ಟರು ಮೃಣಾಲ್ ಮೇಡಂ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡದ್ದು ಆ ಕೈಗಲ್ಲ, ನನ್ನ ಕನ್ನಡಕ್ಕೆ. ಅಧ್ಯಯನಕ್ಕೆ ಹೆಸರು ಕೊಟ್ಟವರಲ್ಲಿ ಸುಮಾರು ಜನ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವರಿಗೆ ಎಲ್ಲವನ್ನೂ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕಿತ್ತು. ಮೇಡಂ ಸಾತಾರಾದವರು, ಕನ್ನಡ ಬಾರದು. ಅಪ್ಪ ಧಾರವಾಡ ಬಿಟ್ಟು ರೇಲ್ವೆ ಕೆಲಸಕ್ಕೆ ಬಂದದ್ದರಿಂದ ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ಮರಾಠಿ. ನನ್ನ ಧಾರವಾಡದ ಮಾತು ಕೇಳಿ ಆ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು, ಅವರ ಮಾತಿಗೆ ನಾನೂ ನಗುತ್ತಿದ್ದೆ.

ಮಹಾದೇವಿ ನಗುತ್ತಿರಲಿಲ್ಲ. ನನಗಿಂತ ಐದಾರು ವರ್ಷ ಚಿಕ್ಕವಳಿದ್ದಳು, ನೋಡಿದರೆ ದೊಡ್ಡವಳಂತೆ ಕಾಣುತ್ತಿದ್ದಳು. ಗಂಡ ಕೊರೊನಾದ ಎರಡನೆಯ ಅಲೆಯಲ್ಲಿ ಹೋಗಿದ್ದ. ಆಸ್ಪತ್ರೆಯ ಬಾಗಿಲವರೆಗೆ ನಡೆದುಕೊಂಡೇ ಹೋದವನು ಹೊರಗೆ ಬರಲಿಲ್ಲ. ದೇಹೂ ರೋಡಿನ ಹತ್ತಿರ ತಗಡಿನ ಮನೆ. ಮಗಳು ಭಾಗ್ಯ ಆ ವರ್ಷವೇ ಹತ್ತನೆಯದು ಮುಗಿಸಿ ಸಾಯನ್ಸಿಗೆ ಸೇರಿದ್ದಳು. ಅವರಿಬ್ಬರೇ ಮನೆಯಲ್ಲಿ. ಲಸಿಕೆ ಅಂದರೆ ಉಳಿದವರು ಹತ್ತು ಪ್ರಶ್ನೆ ಕೇಳುವಾಗ ಮಹಾದೇವಿ ಕೇಳಿದ್ದು ಒಂದೇ. ಈ ಸೂಜಿಯ ಒಳಗೆ ಆ ರೋಗ ಇದೆಯೋ ಇಲ್ಲವೋ.

ಇಲ್ಲ ಅಂದೆ. ಅವಳಿಗೆ ಹೇಗೆ ಹೇಳುವುದು ಎಂದು ಒಂದು ಗಳಿಗೆ ಯೋಚಿಸಿ ಸೈಟಿನ ಮಾತಿಗೇ ಇಳಿದೆ. ಎಂಜಿನಿಯರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಕ್ಷೆ ಕಳಿಸುತ್ತಾನಲ್ಲ, ಇದೂ ಹಾಗೆಯೇ. ಒಳಗೆ ವೈರಸ್ಸಿಲ್ಲ, ಅದರ ಮೈಮೇಲಿನ ಮುಳ್ಳು ಹೇಗಿರುತ್ತದೆ ಎಂಬುದರ ನಕ್ಷೆ ಇದೆ, ಸುತ್ತ ಕೊಬ್ಬಿನ ಕವರು. ತೋಳಿನ ಕೋಶಗಳು ಅದನ್ನು ಓದಿ ಮುಳ್ಳನ್ನು ಮಾತ್ರ ಕಟ್ಟುತ್ತವೆ. ನಮ್ಮ ಕಾವಲಿನ ಕೋಶಗಳು ಈ ಮುಳ್ಳು ನಮ್ಮದಲ್ಲ ಎಂದು ಗುರುತು ಹಿಡಿಯುತ್ತವೆ. ನಕ್ಷೆ ಸ್ವಲ್ಪ ಹೊತ್ತಿಗೆಲ್ಲ ಕರಗಿ ಹೋಗುತ್ತದೆ, ಗುರುತು ಉಳಿಯುತ್ತದೆ. ಮಹಾದೇವಿ ಕೇಳಿಸಿಕೊಂಡು, ನಮ್ಮ ಮೇಸ್ತ್ರಿಯೂ ನಕ್ಷೆಯನ್ನು ಮಳೆಗೆ ಹಾಕಿ ಹಾಳು ಮಾಡುತ್ತಾನೆ, ಗೋಡೆ ಮಾತ್ರ ನಿಲ್ಲುತ್ತದೆ ಅಂದಳು. ಹೆಬ್ಬೆಟ್ಟು ಬೇಡವೆಂದು ಹೆಸರು ಬರೆದೇ ಒಪ್ಪಿಗೆ ಕೊಟ್ಟಳು.

ಮೊದಲ ಸೂಜಿಗೆ ಅವಳಿಗೆ ಜ್ವರ ಬಂತು, ಮೈಕೈ ನೋವು. ಅದು ಬರಬಹುದೆಂದು ಮೊದಲೇ ಹೇಳಿದ್ದೆವು. ಒಂದೆರಡು ದಿನದಲ್ಲಿ ಎದ್ದು ಕೆಲಸಕ್ಕೂ ಹೋದಳು. ಎರಡನೆಯ ಸೂಜಿಯ ದಿನ ನಮ್ಮ ನರ್ಸು ರಜೆಯಲ್ಲಿದ್ದಳು, ಬೇರೆ ಕಡೆಯಿಂದ ಕರೆಸಿದ ಹುಡುಗಿ ಒಬ್ಬಳು ಬಂದಿದ್ದಳು. ಹೊರಗೆ ಧೋ ಎಂದು ಮಳೆ, ಒಳಗೆ ಸಾಲು. ನಾನು ಯಂತ್ರದ ಮುಂದೆ ಕೂತಿದ್ದೆ. ಮಹಾದೇವಿ ಬಾಗಿಲಲ್ಲಿ ನಿಂತು, ಆಯಿತು ಅಕ್ಕಾರ, ಹೋಗಿಬರುತ್ತೇನೆ ಎಂದು ಹೇಳಿ ಹೋದಳು.

ಅದಾದ ಮೇಲೆ ರಕ್ತ ಕೊಡಲು ಬರಬೇಕಾದ ದಿನ ಬರಲಿಲ್ಲ. ಫೋನು ಮಾಡಿದರೆ ಎತ್ತಿದ್ದು ಭಾಗ್ಯ. ಅವ್ವ ಇನ್ನು ಬರುವುದಿಲ್ಲವಂತೆ ಅಂದಳು. ಯಾಕೆ ಎಂದು ಕೇಳಿದೆ. ನಾಗರಪಂಚಮಿಗೆ ಮಾಮಾ ಬರುತ್ತಾನೆ, ಆಮೇಲೆ ಕಾಲೇಜು ಬಿಡಬೇಕಂತೆ ಅಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಅದೇ ನನಗೆ ಸರಿ ಬರಲಿಲ್ಲ. ಅಧ್ಯಯನದಿಂದ ಯಾರು ಬೇಕಾದರೂ ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ನಾವು ಅವರ ಬೆನ್ನು ಹತ್ತಬಾರದು ಎಂಬುದು ನಿಯಮ. ನಾನು ಲ್ಯಾಬಿನವಳಾಗಿ ಹೋಗುವುದಿಲ್ಲ, ಸುಮ್ಮನೆ ಹೋಗಿಬರುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಭಾನುವಾರ ಲೋಕಲ್ ರೈಲು ಹತ್ತಿ ದೇಹೂ ರೋಡಿಗೆ ಹೋದೆ.

ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮಹಾದೇವಿ ಚಹಾ ಕೊಟ್ಟಳು, ಮಗಳನ್ನು ನೀರಿಗೆ ಕಳಿಸಿದಳು, ಬಾಗಿಲು ಮುಂದಕ್ಕೆ ಮಾಡಿದಳು. ಆಮೇಲೆ ಕುಪ್ಪಸದ ತೋಳು ಸರಿಸಿ ನನ್ನ ಕೈ ಹಿಡಿದು ಕಂಕುಳಲ್ಲಿ ಇಟ್ಟಳು. ಗೋಲಿಯಷ್ಟು ಗಂಟು. ಮುಟ್ಟಿದರೆ ನೋವು.

ಅವಳ ಅಕ್ಕನಿಗೂ ಹೀಗೇ ಶುರುವಾಗಿತ್ತಂತೆ. ಕಂಕುಳಲ್ಲಿ ಗಂಟು, ಆಮೇಲೆ ಎದೆಯಲ್ಲಿ. ಯಾರಿಗೂ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡೇ ಇದ್ದಳಂತೆ. ಕಲಬುರಗಿಯ ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಅವಳ ಮಕ್ಕಳು ಒಬ್ಬೊಬ್ಬರು ಒಂದೊಂದು ಮನೆಯ ಪಾಲಾದರು. ಅದನ್ನು ಕಣ್ಣಾರೆ ಕಂಡವಳು ಮಹಾದೇವಿ. ಹಾಗಾಗಿ ಅವಳು ಯಾರ ಹತ್ತಿರವೂ ಕೇಳದೆ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದಳು. ತಮ್ಮ ಶರಣಪ್ಪ ಸೇಡಂ ಹತ್ತಿರದ ದಾಲ್ ಮಿಲ್ಲಿನಲ್ಲಿ ದುಡಿಯುತ್ತಾನೆ, ಒಳ್ಳೆಯವನು, ಕುಡಿಯುವುದಿಲ್ಲ. ಪಂಚಮಿಗೆ ಉಂಡಿ ತೆಗೆದುಕೊಂಡು ಬರುತ್ತಾನೆ. ಆವಾಗಲೇ ಎಲೆ ಅಡಿಕೆ ಹಿಡಿದು ಭಾಗ್ಯಳನ್ನು ಅವನಿಗೆ ಎಂದು ಮಾತು ಮುಗಿಸುವುದು. ಸೋದರಮಾವನಿಗೆ ಕೊಡುವುದು ಅವರಲ್ಲಿ ಇದ್ದದ್ದೇ. ಫೋನಿನಲ್ಲಿ ಗಂಟಿನ ವಿಷಯ ತಿಳಿಸಿಯೇ ಕೇಳಿದ್ದಾಳೆ, ಅವನು ಹೂಂ ಅಂದಿದ್ದಾನೆ. ಹುಡುಗಿಗೆ ಹದಿನೆಂಟು ಆಗಿಲ್ಲವಲ್ಲ ಎಂದು ನಾನು ಕಾನೂನು ತೆಗೆದೆ.

“ಲಗ್ನ ಆಮ್ಯಾಲ ಆಗಲ್ರಿ ಅಕ್ಕಾರ. ಈಗ ಕಾಲೇಜ ಬಿಡಿಸಿ ಅವನ ಮನೀಗೆ ಕಳಿಸ್ತೀನಿ. ನಾ ಹೋದ ಮ್ಯಾಲ ಈ ಊರಾಗ ಅಕಿನ್ನ ಯಾರು ನೋಡಾವರು?”

ನನ್ನ ಹತ್ತಿರ ಉತ್ತರ ಇತ್ತು. ಸೂಜಿ ತೋಳಿಗೆ ಬಿದ್ದ ಮೇಲೆ ಅಲ್ಲಿಯ ಕೆಲವು ಕೋಶಗಳು ಆ ಮುಳ್ಳನ್ನು ಹೊತ್ತುಕೊಂಡು ಅದೇ ಬದಿಯ ಕಂಕುಳಿನ ಗಂಟುಗಳಿಗೆ ಹೋಗುತ್ತವೆ. ಎಲ್ಲರ ಕಂಕುಳಲ್ಲೂ ಅಂಥ ಸಣ್ಣ ಗಂಟುಗಳಿವೆ, ಕೈಗೆ ಸಿಗುವುದಿಲ್ಲ ಅಷ್ಟೇ. ಅಲ್ಲಿ ಉಳಿದ ಕೋಶಗಳಿಗೆ ಗುರುತು ತೋರಿಸುವ ಕೆಲಸ ನಡೆಯುತ್ತದೆ, ಜನ ಹೆಚ್ಚಾಗುತ್ತಾರೆ, ಗಂಟು ಊದುತ್ತದೆ. ಈ ಲಸಿಕೆ ತಗೊಂಡ ಎಷ್ಟೋ ಜನರಿಗೆ ಹಾಗೆ ಆಗುತ್ತದೆ, ತಾನಾಗೇ ಇಳಿಯುತ್ತದೆ. ಇಷ್ಟನ್ನು ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ನನ್ನ ಬೆರಳು ಇದ್ದದ್ದು ಅವಳ ಬಲ ಕಂಕುಳಲ್ಲಿ. ನಾವು ಎಲ್ಲರಿಗೂ ಎರಡೂ ಸೂಜಿಯನ್ನು ಕೊಡುತ್ತಿದ್ದದ್ದು ಎಡಗೈಗೆ. ಅದು ಅಧ್ಯಯನದ ಕಟ್ಟಳೆ.

ಸುಳ್ಳು ಧೈರ್ಯ ಹೇಳಲು ನನಗೆ ಬರುವುದಿಲ್ಲ. ನಾಳೆ ಬಂದು ಮೇಡಂಗೆ ತೋರಿಸು, ಏನಿದ್ದರೂ ಬೇಗ ಗೊತ್ತಾಗಲಿ ಎಂದಷ್ಟೇ ಹೇಳಿದೆ. ನೀರು ತಂದ ಭಾಗ್ಯ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟುವ ನೆಪದಲ್ಲಿ ತಲೆ ತಗ್ಗಿಸಿದೆ. ವಾಪಸ್ಸು ಬರುವಾಗ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಆದರೂ ದಾರಿ ಮುಗಿಯಲಿಲ್ಲ.

ಮರುದಿನ ಅವಳು ಬಂದಳು. ಮೇಡಂ ಪರದೆಯ ಹಿಂದೆ ಮಲಗಿಸಿ ನೋಡಿದರು. ಎದೆಯಲ್ಲಿ ಏನೂ ಕೈಗೆ ಸಿಗಲಿಲ್ಲ. ಕಂಕುಳ ಗಂಟನ್ನು ಬಹಳ ಹೊತ್ತು ಒತ್ತಿ ನೋಡಿದರು. ನಾನೂ ಅಲ್ಲೇ ನಿಂತಿದ್ದೆ. ಮೇಡಂ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಶುರು ಮಾಡಿದರು: ಸೂಜಿ ಎಡಗೈಗೆ, ಗಂಟು ಬಲಕ್ಕೆ, ಇದು ಲಸಿಕೆಯದ್ದು ಅನ್ನುವುದು ಹೇಗೆ, ಮನೆಯಲ್ಲಿ ಅಕ್ಕನಿಗೆ ಬೇರೆ ಆಗಿದೆ, ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಆದರೆ ಇವಳಿಗೆ ಈಗಲೇ ಏನೂ ಹೇಳಬೇಡ. ನಾನೂ ಮರಾಠಿಯಲ್ಲೇ ಉತ್ತರಿಸಿದೆ. ಕನ್ನಡ ಮಾತಾಡುವವರ ಮುಂದೆ ಗುಟ್ಟಿನ ಮಾತಿಗೆ ಮರಾಠಿಗೆ ಹೊರಳುವುದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದರ ಹಿಂದಿನ ದಡ್ಡತನ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮದುವೆಯಾದಾಗಿನಿಂದ ಪುಣೆಯಲ್ಲಿ ಇಟ್ಟಿಗೆ ಹೊತ್ತವಳು ಅವಳು. ಕೂಲಿ ಕೊಡುವ ಮುಕಾದಮನ ಹತ್ತಿರ ಜಗಳ, ಸಂತೆಯಲ್ಲಿ ಚೌಕಾಸಿ, ಮಗಳ ಶಾಲೆಯ ಮಾತು, ಎಲ್ಲ ನಡೆದದ್ದು ಮರಾಠಿಯಲ್ಲೇ.

ಮಹಾದೇವಿ ಎದ್ದು ಕೂತು ಸೆರಗು ಸರಿಮಾಡಿಕೊಂಡಳು.

“ನನಗ ಮರಾಠಿ ಬರತದ್ರಿ,” ಅಂದಳು. “ಎರಡನೇ ಸೂಜಿ ನಾ ಬಲಗೈಗೇ ತಗೊಂಡೀನಿ.”

ಮೇಡಂ ನನ್ನ ಮುಖ ನೋಡಿದರು, ನಾನು ಮಹಾದೇವಿಯ ಮುಖ ನೋಡಿದೆ. ಯಾಕೆ ಎಂದು ಕೇಳಿದೆ. ಅವಳಿಗೆ ಇದೂ ಒಂದು ಕೇಳುವ ಮಾತೇ ಅನ್ನಿಸಿರಬೇಕು. ಮೊದಲ ಸೂಜಿಗೆ ಜ್ವರ ಬಂದು ಮಲಗಿದ್ದಾಗ ಪಕ್ಕದ ಮನೆಯ ಮುದುಕಿ ಬೈದಿದ್ದಳಂತೆ, ಜೀವ ಉಳಿಸುವಂಥದ್ದನ್ನು ಎಡಗೈಯಲ್ಲಿ ತಗೊಂಡರೆ ಜ್ವರ ಬರದೆ ಏನಾಗುತ್ತದೆ ಎಂದು.

“ತೀರ್ಥ ಎಡಗೈಯಾಗ ತಗೋತಾರೇನ್ರಿ? ಪ್ರಸಾದ ತಗೋತಾರೇನ್ರಿ? ಅದಕ್ಕ ಆ ಹೊಸಾ ಹುಡುಗಿ ಮುಂದ ಬಲಗೈ ಚಾಚಿದೆ. ಅಕಿ ಏನೂ ಅನ್ನಲಿಲ್ಲ, ಚುಚ್ಚಿದಳು.”

ಆ ಹುಡುಗಿಗೆ ನಮ್ಮ ಕಟ್ಟಳೆ ತಿಳಿಯದು, ಮುಂದೆ ಬಂದ ತೋಳಿಗೆ ಚುಚ್ಚಿದ್ದಾಳೆ. ಎಡಗೈ ಎಂದು ನಾವೆಲ್ಲ ನಂಬಿಕೊಂಡು ಕೂತಿದ್ದೆವು. ಮೇಡಂಗೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಮೃಣಾಲ್ ಮೇಡಂ ಬಹಳ ಗಂಭೀರ ಹೆಂಗಸು. ಆವತ್ತು ಕುರ್ಚಿಯಲ್ಲಿ ಕೂತು, ಮುಖಕ್ಕೆ ಕೈ ಮುಚ್ಚಿ, ಹೆಗಲು ಅಲುಗುವಷ್ಟು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಗೋಡೆಗೆ ಒರಗಿ ನಿಂತೆ.

ಆದರೂ ಮೇಡಂ ಬಿಡಲಿಲ್ಲ. ಅಕ್ಕನ ಕತೆ ಇರುವಾಗ ಊಹೆಯ ಮೇಲೆ ಕಳಿಸಲಾರೆ ಅಂದರು. ಈ ಸಲ ಮಹಾದೇವಿಯ ಕಡೆಗೇ ತಿರುಗಿ, ಮರಾಠಿಯಲ್ಲೇ, ಬಿಡಿಸಿ ಹೇಳಿದರು: ಲಸಿಕೆಯ ಊತವೇ ಇರಬೇಕು, ಆದರೂ ಸಣ್ಣ ಸೂಜಿಯಿಂದ ಗಂಟಿನೊಳಗಿನ ಕೋಶ ತೆಗೆದು ನೋಡೋಣ, ಒಪ್ಪಿದರೆ ಅದರಲ್ಲೇ ಚೂರನ್ನು ನಮ್ಮ ಅಧ್ಯಯನಕ್ಕೂ ಇಟ್ಟುಕೊಳ್ಳುತ್ತೇವೆ. ಮಹಾದೇವಿ ಒಪ್ಪಿದಳು. ಸೂಜಿ ಹೊಕ್ಕಾಗ ನನ್ನ ಕೈ ಹಿಡಿದಿದ್ದಳು. ಇಟ್ಟಿಗೆ ಹಿಡಿದು ಹಿಡಿದು ಒರಟಾದ ಅಂಗೈ. ನನ್ನ ಬೆರಳು ಸಂಜೆಯವರೆಗೂ ನೋಯುತ್ತಿತ್ತು.

ಗಾಜಿನ ಮೇಲೆ ಸವರಿದ ಪಾಲು ಪರೀಕ್ಷೆಯ ಡಾಕ್ಟರರ ಹತ್ತಿರ ಹೋಯಿತು. ಅವರ ಉತ್ತರಕ್ಕೆ ಕೆಲ ದಿನ ಕಾಯಬೇಕಿತ್ತು. ನಮ್ಮ ಪಾಲನ್ನು ನಾನು ಅಂದೇ ಯಂತ್ರಕ್ಕೆ ಬಿಟ್ಟೆ. ಅಲ್ಲಿಯವರೆಗೆ ನಾನು ನೋಡಿದ್ದು ರಕ್ತ ಮಾತ್ರ. ರಕ್ತದಲ್ಲಿ ಸಿಗುವವರು ದಾರಿಹೋಕರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಟವರು. ಗಂಟಿನೊಳಗಿನವರನ್ನು ಮೊದಲ ಸಲ ಕಂಡೆ. ಪರದೆಯ ಒಂದು ಮೂಲೆಯಲ್ಲಿ ಚುಕ್ಕೆಗಳು ಬೀಳತೊಡಗಿ ನೋಡನೋಡುತ್ತಾ ದಟ್ಟವಾದವು. ಬಿ ಕೋಶಗಳು. ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ, ಪ್ರತಿಸಲ ತಮ್ಮ ಹಿಡಿತವನ್ನು ಚೂರು ಬದಲಿಸಿಕೊಳ್ಳುತ್ತಾ, ಮುಳ್ಳನ್ನು ಇನ್ನೂ ಗಟ್ಟಿಯಾಗಿ ಹಿಡಿಯುವುದನ್ನು ಕಲಿಯುತ್ತವೆ. ಪಕ್ಕದಲ್ಲೇ ಇನ್ನೊಂದು ಸಣ್ಣ ಗುಂಪು, ಅವುಗಳಿಗೆ ನೆರವಾಗುವ ಟಿ ಕೋಶಗಳು. ಚೆನ್ನಾಗಿ ಹಿಡಿದ ಬಿ ಕೋಶಕ್ಕೆ ಬದುಕು ಎಂಬ ಸೂಚನೆ ಸಿಗುವುದು ಅವುಗಳಿಂದ. ಹಿಡಿಯಲಾರದವು ಅಲ್ಲೇ ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ನೆನಪಿನ ಕೋಶಗಳಾಗಿ ಮೈಯೆಲ್ಲ ಸುತ್ತುತ್ತವೆ, ಕೆಲವು ಮೂಳೆಯೊಳಗೆ ಹೋಗಿ ಕೂತು ಬಹಳ ಕಾಲ ಪ್ರತಿಕಾಯ ತಯಾರಿಸುತ್ತಾ ಇರುತ್ತವೆ. ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು, ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಆದರೆ ಮಹಾದೇವಿ ಸಾವು ಎಂದುಕೊಂಡು ಸೆರಗಿನಲ್ಲಿ ಮುಚ್ಚಿಟ್ಟದ್ದರ ಒಳಗೆ ಅಷ್ಟು ಜನ ಅವಳಿಗಾಗಿ ದುಡಿಯುತ್ತಿರುವುದನ್ನು ಕಂಡು ನನಗೆ ಕಣ್ಣು ತುಂಬಿತು. ಮೇಡಂ ಹಿಂದೆ ಬಂದು ನಿಂತು, ಚಂದ ಇದೆ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಎಂದೆ.

ಚಂದವಿದ್ದರೆ ಸಾಲದು, ಪರೀಕ್ಷೆಯ ಡಾಕ್ಟರರೇ ಹೇಳಬೇಕಿತ್ತು. ಆ ದಿನಗಳಲ್ಲಿ ಮಳೆ ಬಿಡುವು ಕೊಡಲಿಲ್ಲ. ಭಾಗ್ಯ ದಿನಾ ಸಂಜೆ ಕಾಲೇಜಿನಿಂದ ಫೋನು ಮಾಡುತ್ತಿದ್ದಳು. ಬಂತೇನು ಎಂದು ಕೇಳುತ್ತಿರಲಿಲ್ಲ, ಊಟ ಆಯಿತೇನು ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದು ನಾನು ಹೇಳುತ್ತಿದ್ದದ್ದು ಎರಡಕ್ಕೂ ಉತ್ತರವಾಗಿತ್ತು. ಪಂಚಮಿ ಹತ್ತಿರ ಬಂದ ಹಾಗೆ ಅವಳ ದನಿ ಇಳಿಯುತ್ತಾ ಹೋಯಿತು.

ಉತ್ತರ ಬಂದದ್ದು ಪಂಚಮಿಯ ದಿನವೇ. ಕ್ಯಾನ್ಸರ್ ಇಲ್ಲ, ಲಸಿಕೆಗೆ ಸ್ಪಂದಿಸಿ ಊದಿದ ಗಂಟು, ತಾನಾಗೇ ಇಳಿಯುತ್ತದೆ. ಮೇಡಂ ಅದನ್ನು ಓದಿ ಹೇಳಿ, ಫೋನು ಮಾಡಬೇಡ, ಹೋಗು ಅಂದರು. ಹೋದೆ. ಲೋಕಲ್ ಇಳಿದು ಕೆಸರು ತುಳಿದುಕೊಂಡು ಅವರ ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು.

ಶರಣಪ್ಪ ಆಗಲೇ ಬಂದಿದ್ದ. ತೆಳ್ಳನೆಯ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಚಾಪೆಯ ಅಂಚಿನಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ನಡುವೆ ಶೇಂಗಾದ ಉಂಡಿ, ಎಳ್ಳಿನ ಉಂಡಿಗಳ ಡಬ್ಬಿ, ಅದರ ಪಕ್ಕ ತಟ್ಟೆಯಲ್ಲಿ ಎಲೆ ಅಡಿಕೆ. ಭಾಗ್ಯ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಕೂರಲೂ ಇಲ್ಲ. ಹೊಸಿಲಲ್ಲಿ ನಿಂತೇ, ಏನೂ ಇಲ್ಲ ಮಹಾದೇವಿ, ಅದು ನಿನ್ನ ಅಕ್ಕನ ರೋಗ ಅಲ್ಲ ಎಂದುಬಿಟ್ಟೆ.

ಮಹಾದೇವಿ ಗೋಡೆ ಹಿಡಿದು ನಿಧಾನಕ್ಕೆ ಕೂತಳು. ಆಮೇಲೆ ಎಲೆ ಅಡಿಕೆಯ ತಟ್ಟೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಅವಳ ಸಂಕಟ ನನಗೆ ಅರ್ಥವಾಯಿತು. ತಾನೇ ಕೇಳಿಕೊಂಡ ಸಂಬಂಧ, ತಾನೇ ಕೊಟ್ಟ ಮಾತು. ಹಬ್ಬದ ದಿನ ಅಷ್ಟು ದೂರದಿಂದ ಬಂದ ತಮ್ಮನಿಗೆ ಈಗ ಬೇಡ ಅನ್ನುವುದು ಹೇಗೆ. ಆ ಮನೆಯಲ್ಲಿ ಇಂಥ ಮಾತು ತಪ್ಪಿದರೆ ಎಷ್ಟೋ ವರ್ಷ ಬಾಗಿಲು ಮುಚ್ಚುತ್ತದೆ. ಕೊನೆಗೆ ಅವನ ಕಡೆ ನೋಡದೆ, ಹುಡುಗಿ ಇನ್ನೊಂದಿಷ್ಟು ಓದಲಿ ಅಂತ ನನಗೆ ಅನ್ನಿಸುತ್ತದೆ, ನೀನು ಸಿಟ್ಟಾಗಬೇಡ ಅಂದಳು.

ಶರಣಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಅವನು ಬೆವತಿದ್ದ.

“ಅಕ್ಕ, ಅಕಿ ಸಣ್ಣಾಕಿದ್ದಾಗ ಹೆಗಲ ಮ್ಯಾಲ ಹೊತ್ತು ತಿರುಗೀನಿ ನಾ. ಹೂಂ ಅಂದಾಗಿಂದ ನನಗ ನಿದ್ದಿ ಇಲ್ಲ.”

“ಮೊದಲ ಯಾಕ ಹೇಳಲಿಲ್ಲೋ?”

“ಸಾಯಾಕಿ ಕೇಳಿದ್ರ ಇಲ್ಲ ಅನ್ನೂದು ಹ್ಯಾಂಗಕ್ಕ?”

ಮಹಾದೇವಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅದೇ ಬೆನ್ನಿಗೆ ಹಣೆ ಹಚ್ಚಿ ಅತ್ತಳು. ಅಪ್ಪ ಹೋದಾಗ ಕೂಡ ಅವ್ವ ಹಾಗೆ ಅತ್ತಿರಲಿಲ್ಲ ಎಂದು ಭಾಗ್ಯ ಆಮೇಲೆ ನನಗೆ ಹೇಳಿದಳು. ಆಗ ಅವಳು ಒಲೆಯ ಹತ್ತಿರದಿಂದ ಬಂದು ಡಬ್ಬಿಯ ಮುಚ್ಚಳ ತೆಗೆದಳು, ಮಾವನ ಎದುರು ಕೂತು, ಬಂದಾಗಿನಿಂದ ಅವನ ಮುಖವನ್ನೇ ನೋಡದಿದ್ದವಳು ಈಗ ನೋಡಿದಳು.

“ಮಾಮಾ, ಶೇಂಗಾದ್ದು ಹಾಕಲ್ಯಾ, ಎಳ್ಳಿಂದು ಹಾಕಲ್ಯಾ?”